ಡಬ್ಬಿಗೆ ಮರಳಿದ ಚಿಟಿಕೆ

ಮಾರ್ಚ್ ೧೨, ಭಾನುವಾರ

ಅಡುಗೆಮನೆ ಸಂಸ್ಥಾನದ ಏಕಮಾತ್ರ ಒಡತಿ, ಸೌಟುಧಾರಿಣಿ, ಅಪ್ಪನ ಬಿ.ಪಿ. ಮಾತ್ರೆಗಳ ಖಾಯಂ ಕಾವಲುಗಾರ್ತಿಯಾದ ಚಿಕ್ಕಿಗೆ,

ನಿನ್ನ ಜಡ್ಜಮ್ಮ ಮಾಡುವ ನಮಸ್ಕಾರಗಳು. ನಾನು ಕ್ಷೇಮ. ಕೆಮ್ಮು ಹೋಗಿದೆ, ಸ್ವೆಟರ್ ಹಾಕಿಕೊಳ್ಳುತ್ತಿದ್ದೇನೆ, ತಲೆ ಒರೆಸಿಕೊಳ್ಳದೆ ಹೊರಗೆ ಹೋಗುತ್ತಿಲ್ಲ. ನೀನು ಕೇಳುವ ಪ್ರಶ್ನೆಗಳೆಲ್ಲ ಇಲ್ಲಿಗೆ ಮುಗಿದವು. ಇನ್ನು ನೆಮ್ಮದಿಯಾಗಿ ಕೂತು ಓದು.

ಕಾಗದ ತಡವಾಗಿದೆ, ಒಪ್ಪಿಕೊಂಡೆ. ತಡಕ್ಕೆ ನಾನು ಹುಡುಕಿದ ಕಾರಣಗಳನ್ನೆಲ್ಲ ಈ ನ್ಯಾಯಾಲಯ ಸ್ವತಃ ಪರಿಶೀಲಿಸಿ, ಒಂದೂ ನಂಬಲರ್ಹವಲ್ಲವೆಂದು ತಳ್ಳಿಹಾಕಿದೆ. ನಿಜವಾದ ಕಾರಣ ನೀನೇ. ಫೋನಿನಲ್ಲಿ ಒಂದು ಪ್ರಶ್ನೆ ಕೇಳಿದ್ದೆಯಲ್ಲ, "ರಜಕ್ಕೆ ಬಂದಾಗ ಮೊದಲನೇ ದಿನ ಊಟಕ್ಕೆ ಏನು ಮಾಡ್ಲಿ, ಯೋಚಿಸಿ ಹೇಳು" ಅಂತ. ನಾನು ಹೇಳ್ತೀನಿ ಅಂದೆ. ಆಮೇಲೆ ನೀನು ಕೇಳಿದಾಗಲೆಲ್ಲ ಸಿಗ್ನಲ್ ಸರಿಯಿಲ್ಲ ಅಂದೆ. ಸಿಗ್ನಲ್ ಚಿನ್ನದಂತಿತ್ತು ಚಿಕ್ಕಿ. ಉತ್ತರ ಮಾತ್ರ ಫೋನಿನಲ್ಲಿ ಹಿಡಿಸುವಂಥದ್ದಲ್ಲ. ನೀನು ಸ್ಪೀಕರ್ ಹಾಕಿಬಿಡುತ್ತೀಯ, ಅಪ್ಪ ಹಿಂದೆ ನಿಂತು ತಾವಿಲ್ಲ ಅನ್ನುವ ಹಾಗೆ ಕೆಮ್ಮುತ್ತಾರೆ. ಅದಕ್ಕೇ ಈ ಕಾಗದ. ಅಪ್ಪ ಪೇಪರ್ ಓದುವ ಹೊತ್ತಿನಲ್ಲಿ, ಒಲೆ ಸಣ್ಣದು ಮಾಡಿ, ಒಬ್ಬಳೇ ಓದಬೇಕು ಅಂತ ಆಜ್ಞೆ.

ಮೊದಲು ಇಲ್ಲಿಯ ಸಮಾಚಾರ. ಊಟದ ಬಗ್ಗೆ ಓದೋಕೆ ವಿದೇಶಕ್ಕೆ ಯಾಕೆ, ಊಟ ಮಾಡೋಕೆ ಬರುತ್ತಲ್ಲ ಸಾಕು ಅಂತ ಅಪ್ಪ ಅಂದಿದ್ದರಲ್ಲ, ಅವರಿಗೆ ಹೇಳು: ಬರುತ್ತಿರಲಿಲ್ಲ. ನಮ್ಮ ತರಗತಿಯಲ್ಲಿ ಒಂದು ಕಪಾಟಿನ ತುಂಬ ಪ್ಲಾಸ್ಟಿಕ್ ಊಟವಿದೆ. ಪ್ಲಾಸ್ಟಿಕ್ ಅನ್ನದ ಗುಪ್ಪೆ, ಪ್ಲಾಸ್ಟಿಕ್ ಬಾಳೆಹಣ್ಣು, ಚಿಕ್ಕದು ನಡುವಿನದು ದೊಡ್ಡದು ಅಂತ ಮೂರು ನಮೂನೆಯ ಪ್ಲಾಸ್ಟಿಕ್ ಆಲೂಗಡ್ಡೆ. ಜನರ ಮುಂದೆ ಇವನ್ನು ಇಟ್ಟು, ನಿನ್ನೆ ನೀವು ತಿಂದಿದ್ದು ಇದರಲ್ಲಿ ಯಾವುದರಷ್ಟಿತ್ತು ಅಂತ ಕೇಳಬೇಕು. ಎಲ್ಲರೂ ಚಿಕ್ಕದನ್ನೇ ತೋರಿಸುತ್ತಾರೆ. ದೇಶ ಯಾವುದಾದರೇನು, ಮನುಷ್ಯ ತನ್ನ ತಟ್ಟೆಯ ವಿಷಯದಲ್ಲಿ ಸುಳ್ಳ.

ಇಂಥ ಕಪಾಟು ಕೈಗೆ ಸಿಕ್ಕಿದ ಮೇಲೆ ನಾನು ಸುಮ್ಮನಿರುವುದುಂಟೇ? ನಮ್ಮ ಗುರುಮಾತೆಯ ಊಟದ ಡಬ್ಬಿಯಲ್ಲಿ ಅರ್ಧ ಪ್ಲಾಸ್ಟಿಕ್ ಮೊಟ್ಟೆಯನ್ನು ಭಕ್ತಿಪೂರ್ವಕ ಸ್ಥಾಪಿಸಿದೆ. ಗುರುಮಾತೆ ಅಂದರೆ ನನ್ನ ಸಂಶೋಧನೆಗೆ ಮಾರ್ಗದರ್ಶನ ಮಾಡುವವರು. ನರೆತ ಕೂದಲು, ನಗು ಅನ್ನುವುದನ್ನು ರೇಷನ್ನಿನಲ್ಲಿ ಕೊಡುವ ಹೆಂಗಸು. ಅವರು ಡಬ್ಬಿ ತೆರೆದರು, ಮೊಟ್ಟೆಯನ್ನು ಚಮಚದಿಂದ ತಟ್ಟಿ ನೋಡಿದರು, ಸ್ವಲ್ಪ ಜಾಸ್ತಿ ಬೆಂದಿದೆ ಅಂದು ಪಕ್ಕಕ್ಕಿಟ್ಟು ಮಿಕ್ಕಿದ್ದನ್ನು ತಿಂದರು. ಮಾರನೇ ದಿನ ನನ್ನನ್ನು ಕರೆದು, ನಿನ್ನಂಥ ಕಿತಾಪತಿ ಬುದ್ಧಿಯವರಿಗೇ ಅಂತ ಒಂದು ವಿಷಯ ಎತ್ತಿಟ್ಟಿದ್ದೀನಿ, ತಗೋ ಅಂದರು.

ವಿಷಯ: ಉಪ್ಪು. ಇಲ್ಲಿ ಬಸ್ ಡಿಪೋದ ಕ್ಯಾಂಟೀನಿನಲ್ಲಿ ಚಾಲಕರು, ಮೆಕ್ಯಾನಿಕ್‌ಗಳು ದಿನಾ ಮಧ್ಯಾಹ್ನ ಬೇಳೆಯ ಸೂಪು, ಬ್ರೆಡ್ಡು ತಿನ್ನುತ್ತಾರೆ. ಸೂಪಿಗೆ ಉಪ್ಪು ಸುರಿದಿರುತ್ತದೆ, ಅರ್ಧ ಡಿಪೋಗೆ ರಕ್ತದೊತ್ತಡ. ಒಂದೇ ಸಲ ಉಪ್ಪು ಕಡಿಮೆ ಮಾಡಿದರೆ ತಟ್ಟೆ ಎಸೆಯುತ್ತಾರೆ. ಆದ್ದರಿಂದ ಕಳ್ಳಹೆಜ್ಜೆಯಲ್ಲಿ ಹೋಗಬೇಕು. ಈ ವಾರ ಒಂದು ಚೂರು, ಮುಂದಿನ ವಾರ ಇನ್ನೊಂದು ಚೂರು. ನಾಲಿಗೆಗೆ ಗೊತ್ತಾಗದಷ್ಟು. ಊಟದಲ್ಲಿ ಆರೋಗ್ಯದ ದೃಷ್ಟಿಯಿಂದ ಕೆಲವು ಬದಲಾವಣೆ ಆಗಬಹುದು ಅಂತ ಮೊದಲೇ ಎಲ್ಲರ ಒಪ್ಪಿಗೆ ಪಡೆದಿರುತ್ತೇವೆ, ಆದರೆ ಏನು ಬದಲಾವಣೆ ಅಂತ ಕೊನೆಯ ದಿನದವರೆಗೂ ಬಾಯಿ ಬಿಡುವ ಹಾಗಿಲ್ಲ. ಬಿಟ್ಟರೆ ನನ್ನ ಸಂಶೋಧನೆ ನೀರಿಗೆ ಬಿತ್ತು, ನಿನ್ನ ಜಡ್ಜಮ್ಮ ಪದವಿಯಿಲ್ಲದೆ ಮನೆಗೆ ಬಂದಳು.

ಯೋಚಿಸಿ ನೋಡು ಚಿಕ್ಕಿ. ನೂರಾರು ಜನರನ್ನು ದಿನಾ ಯಾಮಾರಿಸುವುದು, ಅದಕ್ಕೆ ವಿಶ್ವವಿದ್ಯಾಲಯದ ಮೊಹರು! ನಾನು ಹುಟ್ಟಿದ್ದೇ ಈ ಶಾಸ್ತ್ರಕ್ಕಾಗಿ ಅನ್ನಿಸಿತು.

ಅಡ್ಡ ನಿಂತವನು ಕ್ಯಾಂಟೀನಿನ ಬಾಣಸಿಗ. ನಾನು ಇಟ್ಟ ಹೆಸರು ಸೇನಾಪತಿ. ಮೀಸೆ, ಹೊಟ್ಟೆ, ಸೌಟು ಮೂರೂ ಆ ಹುದ್ದೆಗೆ ತಕ್ಕವು. ಅವನ ಸಹಕಾರ ಇಲ್ಲದೆ ಏನೂ ನಡೆಯುವುದಿಲ್ಲ. ಎಲ್ಲ ವಿವರಿಸಿದ ಮೇಲೆ, ಅಂದ್ರೆ ನನ್ನ ಅಡುಗೆಮನೆಗೆ ಕನ್ನ ಹಾಕೋಕೆ ನಾನೇ ಕಂದೀಲು ಹಿಡೀಬೇಕು ಅಂತೀಯಾ ಅಂದ. ಹೌದು ಅಂದೆ. ನೀನು ದಿನಾ ಬಂದು ಈರುಳ್ಳಿ ಸುಲಿದರೆ ಯೋಚಿಸ್ತೀನಿ ಅಂದ. ಚಳಿಗಾಲವಿಡೀ ಸುಲಿದಿದ್ದೇನೆ. ಬಸ್ಸು ಹತ್ತಿದರೆ ಜನ ನನ್ನ ಪಕ್ಕದಲ್ಲಿ ಕೂರುವುದಿಲ್ಲ. ನಾನು ತೂಗಿ ಕೊಟ್ಟ ಪೊಟ್ಟಣದ ಉಪ್ಪನ್ನು ಅವನು ಹಂಡೆಗೆ ಸುರಿಯುತ್ತಾನೆ, ಮೇಲೆ ಇಷ್ಟು ಹಾಕೋಕೆ ಕೈ ತುರಿಸುತ್ತದೆ, ಇನ್ನೊಂದು ಕೈಯಿಂದ ಆ ಕೈ ಹಿಡಿದುಕೊಳ್ಳುತ್ತಾನೆ. ಕೊಟ್ಟ ಮಾತು ಒಂದು ದಿನವೂ ಮುರಿಯಲಿಲ್ಲ. ಹೀಗೆ ಚಳಿ ಕಳೆಯುವ ಹೊತ್ತಿಗೆ ಮೂರು ಪಾಲಿನಲ್ಲಿ ಒಂದು ಪಾಲು ಉಪ್ಪು ಮಾಯವಾಗಿತ್ತು. ಯಾರಿಗೂ ಗೊತ್ತಾಗಲಿಲ್ಲ. ಇತ್ತೀಚೆಗೆ ಸೂಪು ಬಲು ರುಚಿ ಅಂತ ಹೊಗಳಿದವರೂ ಇದ್ದಾರೆ.

ಇನ್ನು ನಡೆದದ್ದನ್ನು ಹೇಳುತ್ತೇನೆ, ಒಲೆ ಆರಿಸಿಬಿಡು.

ಒಬ್ಬ ಹಿರಿಯ ಚಾಲಕ ಮಂಡಿ ಆಪರೇಷನ್ ಮಾಡಿಸಿಕೊಂಡು ಬಹಳ ಕಾಲ ರಜದ ಮೇಲೆ ಇದ್ದವನು ಕೆಲಸಕ್ಕೆ ವಾಪಸು ಬಂದ. ಎಲ್ಲರೂ ಬೆನ್ನು ತಟ್ಟಿ, ಕುರ್ಚಿ ಎಳೆದು ಕೂರಿಸಿದರು. ಸೇನಾಪತಿ ತಾನೇ ಸೂಪು ತಂದಿಟ್ಟ. ನಾನು ಪಕ್ಕದ ಮೇಜಿನಲ್ಲಿ ಬ್ರೆಡ್ಡಿನ ತುಂಡು ಎಣಿಸುವ ನಾಟಕ ಮಾಡುತ್ತಿದ್ದೆ. ಚಾಲಕ ಒಂದು ಚಮಚ ಬಾಯಿಗಿಟ್ಟ. ಚಮಚ ಕೆಳಗಿಟ್ಟ.

"ಇದು ಆ ಸೂಪಲ್ಲ" ಅಂದ.

ಇಡೀ ಮೇಜು ಅವನ ಮೇಲೆ ಮುಗಿಬಿತ್ತು. ದಿನಾ ತಿನ್ನೋರು ನಾವು, ನಮಗೆ ಗೊತ್ತಾಗಲ್ವಾ, ಅದೇ ಸೂಪು, ಅದೇ ಹಂಡೆ, ಆಪರೇಷನ್ ಮಾಡಿದ್ದು ಮಂಡಿಗೋ ನಾಲಿಗೆಗೋ ಅಂತ ಒಬ್ಬೊಬ್ಬರೂ ಕಾಲೆಳೆದರು. ಅವನು ಬಿಡಲಿಲ್ಲ. ಸೇನಾಪತಿಯ ಕೈ ಹೋಗಿದೆ, ವಯಸ್ಸಾಯ್ತು ಪಾಪ ಅಂದ. ಸೇನಾಪತಿ ಒಂದು ಮಾತು ಆಡಿದ್ದರೆ ಅವನ ಮಾನ ಉಳಿಯುತ್ತಿತ್ತು, ನನ್ನ ಸಂಶೋಧನೆ ಮುಗಿಯುತ್ತಿತ್ತು. ಅವನ ಕಡೆ ನೋಡಿದೆ. ಅವನು ತಲೆ ತಗ್ಗಿಸಿಕೊಂಡು, ಆಗಲೇ ತೊಳೆದು ಒರೆಸಿಟ್ಟಿದ್ದ ಸೌಟನ್ನು ಮತ್ತೆ ಒರೆಸುತ್ತಿದ್ದ.

ಚಿಕ್ಕಿ, ಆ ಸೌಟು ಒರೆಸುವುದನ್ನು ನಾನು ಮೊದಲು ಎಲ್ಲಿ ನೋಡಿದ್ದೆ ಅಂತ ನಿನಗೆ ಗೊತ್ತು.

ಗೊತ್ತಿದ್ದರೂ ಹೇಳುತ್ತೇನೆ, ಕೋರ್ಟಿನಲ್ಲಿ ಎಲ್ಲವನ್ನೂ ಮೊದಲಿನಿಂದ ಹೇಳಬೇಕು. ಅಮ್ಮ ಹೋದ ಮೇಲೆ, ಅಪ್ಪನನ್ನು ಮದುವೆಯಾಗಿ ನೀನು ನಮ್ಮ ಮನೆಗೆ ಬಂದಾಗ ನನಗೆ ಏಳು ವರ್ಷ. ನಾನು ಒಂದೇ ಕಾನೂನು ಮಾಡಿದ್ದೆ: ಬೇಳೆ ಅಮ್ಮ ಮಾಡಿದ ಹಾಗೇ ಇರಬೇಕು, ಇಲ್ಲದಿದ್ದರೆ ಊಟ ಇಲ್ಲ. ಅಪ್ಪನ ಟವಲ್ ಹೆಗಲಿಗೆ ಹೊದ್ದು, ಎರಡು ದಿಂಬಿನ ಮೇಲೆ ಕೂತು, ಚಮಚದಿಂದ ತಟ್ಟೆ ಬಡಿದು ತೀರ್ಪು ಕೊಡುತ್ತಿದ್ದೆ. ಹುಳಿ ಸಾಲದು. ಖಾರ ಸಾಲದು. ಉಪ್ಪು ಏನೇನೂ ಸಾಲದು, ನಮ್ಮಮ್ಮ ಹೀಗೆ ಮಾಡ್ತಿರಲಿಲ್ಲ, ಮುಂದಿನ ವಿಚಾರಣೆ ನಾಳೆ. ಅಪ್ಪ ಗದರಿಸಲು ಬಂದರೆ ನೀನು, ಸುಮ್ನಿರಿ, ಜಡ್ಜಮ್ಮ ಇನ್ನೂ ಮುಗಿಸಿಲ್ಲ ಅನ್ನುತ್ತಿದ್ದೆ. ನನಗೆ ಆ ಹೆಸರು ಬಂದದ್ದು ಹಾಗೆ. ಅಮ್ಮನ ಅಡುಗೆಯನ್ನು ನೀನು ಒಂದು ದಿನವೂ ತಿಂದವಳಲ್ಲ. ನನ್ನ ನಾಲಿಗೆಯೊಂದನ್ನೇ ನಂಬಿ ಕತ್ತಲಲ್ಲಿ ದಾರಿ ಹುಡುಕಿದ ಹಾಗೆ ಹುಡುಕಿದೆ. ಒಂದು ದಿನ ಸಿಕ್ಕಿಬಿಟ್ಟಿತು. ನಾನು ಚಮಚ ಬಡಿಯಲಿಲ್ಲ. ತಟ್ಟೆ ನೆಕ್ಕಿದೆ. ನೀನು ಹೊರಗೆ ಹೋಗಿ, ಒಣಗದ ಬಟ್ಟೆಗಳನ್ನು ತಂತಿಯಿಂದ ತೆಗೆದುಕೊಂಡು ಒಳಗೆ ಬಂದೆ.

ಆಮೇಲಿನಿಂದ ಮನೆಗೆ ಯಾರೇ ಬರಲಿ, ಇದು ನಮ್ಮಮ್ಮನ ಕೈರುಚಿ ಅಂತ ನಾನು ಸಾರುವುದು, ನೀನು ಹೌದು ಅಂತ ತಲೆಯಾಡಿಸುವುದು.

ವರ್ಷಗಳಾದ ಮೇಲೆ ಮಾವ ಬಂದರು. ಅಮ್ಮನ ಅಣ್ಣ. ಹಡಗಿನ ಕೆಲಸ, ಅಮ್ಮ ಇದ್ದಾಗ ನಮ್ಮ ಮನೆಯಲ್ಲಿ ಊಟ ಮಾಡಿದವರು ಮತ್ತೆ ಬಂದದ್ದು ಅದೇ ಮೊದಲು. ನಾನು ಆಗ ಹೈಸ್ಕೂಲು. ಮಾವ, ತಿಂದು ನೋಡಿ, ಕಣ್ಣು ಮುಚ್ಚಿದರೆ ಅಮ್ಮನೇ ಬಡಿಸಿದ ಹಾಗಿರುತ್ತೆ ಅಂದೆ. ಅವರು ಒಂದು ತುತ್ತು ಬಾಯಿಗಿಟ್ಟು ಕೈ ನಿಲ್ಲಿಸಿದರು. ಇದು ಅವಳ ಕೈ ಅಲ್ಲಮ್ಮ ಅಂದರು, ಮೆಲ್ಲಗೆ. ನಾನು ಸಿಡಿದೆ. ದಿನಾ ತಿನ್ನೋಳು ನಾನು, ನನಗೆ ಗೊತ್ತಾಗಲ್ವಾ, ನೀವು ಮರೆತಿದ್ದೀರಿ ಅಂದೆ. ನೀನು ತಲೆ ತಗ್ಗಿಸಿ, ತೊಳೆದ ಸೌಟನ್ನು ಸೆರಗಿನಿಂದ ಒರೆಸುತ್ತಾ ನಿಂತಿದ್ದೆ. ಮಾವ ನಿನ್ನ ಮುಖ ನೋಡಿದರು, ಅಪ್ಪನ ಪಕ್ಕದಲ್ಲಿದ್ದ ಮಾತ್ರೆಯ ಚೀಟಿ ನೋಡಿದರು, ಹೌದೇನೋ, ಮರೆತಿರಬೇಕು ಅಂದು ಎರಡನೇ ಸಲ ಬಡಿಸಿಕೊಂಡರು. ವಾದದಲ್ಲಿ ಗೆದ್ದೆ ಅಂತ ನಾನು ಬೀಗಿದೆ.

ಡಿಪೋದವರು ಆಡಿದ್ದು ಅಕ್ಷರಶಃ ನನ್ನದೇ ಮಾತು ಚಿಕ್ಕಿ. ದಿನಾ ತಿನ್ನೋರು ನಾವು. ಬ್ರೆಡ್ಡಿನ ತುಂಡು ಕೈಯಲ್ಲಿ ಹಿಡಿದು ನಾನು ಹಾಗೇ ನಿಂತುಬಿಟ್ಟೆ.

ಆಗ ಇನ್ನೊಂದು ನೆನಪಾಯಿತು. ನೀನು ಉಪ್ಪು ಹಾಕುವ ರೀತಿ. ಡಬ್ಬಿಯಿಂದ ಅಂಗೈಗೆ ಉಪ್ಪು ತೆಗೆದುಕೊಳ್ಳುತ್ತೀಯ, ಒಂದು ಕ್ಷಣ ನೋಡುತ್ತೀಯ, ಹೆಬ್ಬೆರಳಿನಿಂದ ಒಂದು ಚಿಟಿಕೆ ಮತ್ತೆ ಡಬ್ಬಿಗೇ ಹಾಕಿ, ಉಳಿದದ್ದನ್ನು ಪಾತ್ರೆಗೆ ಹಾಕುತ್ತೀಯ. ಕೊಟ್ಟ ದಾನ ವಾಪಸು ಪಡೆಯುವ ರಾಣಿ ಅಂತ ನಾನು ಅಣಕಿಸಿ ಅಭಿನಯಿಸಿ ತೋರಿಸುತ್ತಿದ್ದೆ, ಅಪ್ಪ ಬಿದ್ದು ಬಿದ್ದು ನಗುತ್ತಿದ್ದರು, ನೀನೂ ನಗುತ್ತಿದ್ದೆ. ಇಲ್ಲಿ ನನ್ನ ರೂಮಿನ ಪುಟ್ಟ ಒಲೆಯಲ್ಲಿ ಬೇಳೆ ಬೇಯಿಸುವಾಗ ನಾನೂ ಹಾಗೇ ಮಾಡುತ್ತೇನೆ, ಯೋಚಿಸದೆ. ಹಾಗೆ ಮಾಡಿದರೇ ಮನೆಯ ರುಚಿ ಬರುತ್ತದೆ. ಆ ಚಿಟಿಕೆಯನ್ನು ನೀನು ಯಾವಾಗ ವಾಪಸು ಹಾಕಲು ಶುರುಮಾಡಿದೆ? ಅಪ್ಪನ ಬಿ.ಪಿ. ನೋಡಿ ಡಾಕ್ಟರು ಬೈದ ವರ್ಷವೇ ತಾನೆ? ಅಮ್ಮನ ತಲೆಯಲ್ಲಿ ರಕ್ತನಾಳ ಒಡೆದದ್ದೂ ಬಿ.ಪಿ.ಯಿಂದಲೇ ಅಂತ ನಿನಗೆ ಗೊತ್ತಿತ್ತು. ಒಬ್ಬರ ಸಾವಿಗೆ ಒಂದು ಉಪ್ಪಿನ ಡಬ್ಬಿ ಕಾರಣ ಅಂತ ಯಾವ ಶಾಸ್ತ್ರವೂ ಹೇಳಲಾರದು ಅಂತ ಗುರುಮಾತೆ ಪಾಠ ಮಾಡಿದ ದಿನ ನಾನು ಕಿತಾಪತಿ ಏನೂ ಮಾಡದೆ ಕೂತಿದ್ದೆ. ಆದರೂ ಅಮ್ಮನ ಕೈ ಉಪ್ಪಿನ ಕೈ. ಬಾಯಿಬಿಟ್ಟು ಕಡಿಮೆ ಮಾಡಿದರೆ ಜಡ್ಜಮ್ಮ ತಟ್ಟೆ ತಳ್ಳುತ್ತಾಳೆ. ಅದಕ್ಕೇ ನೀನು ಕಳ್ಳಹೆಜ್ಜೆಯಲ್ಲಿ ಹೋದೆ. ನಾನು ದೇಶ ಬಿಟ್ಟು ಬಂದು, ಒಪ್ಪಿಗೆಪತ್ರ ಬರೆಸಿ, ತಕ್ಕಡಿ ಹಿಡಿದು ಮಾಡಿದ್ದನ್ನು ನೀನು ಹೆಬ್ಬೆರಳಿನಲ್ಲಿ ಮಾಡಿ ಮುಗಿಸಿದ್ದೆ. ಇದೆಲ್ಲ ನನ್ನ ಊಹೆ. ನೀನು ಅಲ್ಲ ಅಂದರೆ ನಾನು ನಂಬುವುದಿಲ್ಲ.

ಡಿಪೋದ ಕಥೆ ಮುಗಿಸಿಬಿಡುತ್ತೇನೆ. ಅವತ್ತು ಎಲ್ಲರೂ ಹೋದ ಮೇಲೆ ಸೇನಾಪತಿಯ ಹತ್ತಿರ ಹೋಗಿ, ಯಾಕೆ ಸುಮ್ಮನಿದ್ದೆ, ಅಷ್ಟು ಜನರ ಮುಂದೆ ಮಾನ ಹೋಯ್ತಲ್ಲ ಅಂದೆ. ಅವನು ಆ ಚಾಲಕನ ತಟ್ಟೆ ಎತ್ತಿ ತೋರಿಸಿದ.

"ಬೈದ್ರೆ ಬೈಲಿ. ತಟ್ಟೆ ಖಾಲಿ ಮಾಡಿದಾನಲ್ಲ."

ಅವತ್ತು ಈರುಳ್ಳಿ ಮುಗಿದಿತ್ತು ಚಿಕ್ಕಿ. ಆದರೂ ನನ್ನ ಕಣ್ಣಲ್ಲಿ ನೀರು ಬಂತು.

ಕೊನೆಯ ದಿನ ಎಲ್ಲವನ್ನೂ ಬಿಚ್ಚಿ ಹೇಳಿದೆ. ಕೋಪ ಮಾಡಿಕೊಳ್ಳುತ್ತಾರೆ ಅಂತ ಬಾಗಿಲ ಹತ್ತಿರವೇ ನಿಂತಿದ್ದೆ, ಓಡಲು ಅನುಕೂಲ. ಡಿಪೋ ಹಾರಿಹೋಗುವಷ್ಟು ನಗು. ಆ ಹಿರಿಯ ಚಾಲಕನನ್ನು ಮೇಜಿನ ಮೇಲೆ ಹತ್ತಿಸಿದರು, ಅವನು ಆಪರೇಷನ್ ಆದ ಮಂಡಿ ಹಿಡಿದುಕೊಂಡೇ ಸೇನಾಪತಿಗೆ ಸಲಾಂ ಹೊಡೆದ. ಬಂದ ದಿನವೇ ಬಾಯಿಬಿಟ್ಟಿದ್ದು ಒಳ್ಳೇದಾಯ್ತು, ಇನ್ನೊಂದು ವಾರ ತಿಂದಿದ್ದರೆ ನನಗೂ ಇದೇ ಆ ಸೂಪು ಆಗಿಬಿಡ್ತಿತ್ತು ಅಂದ. ಹಳೆಯ ಉಪ್ಪು ಬೇಕಾ ಅಂತ ಕೇಳಿದ್ದಕ್ಕೆ ಯಾರೂ ಕೈ ಎತ್ತಲಿಲ್ಲ. ಅವನೊಬ್ಬನ ವಿಷಯ ವರದಿಯಲ್ಲಿ ಬಿಟ್ಟುಬಿಡಲಾ ಅಂತ ಗುರುಮಾತೆಯನ್ನು ಕೇಳಿದೆ. ಅವನಿಲ್ಲದಿದ್ದರೆ ನೀನು ಏನನ್ನೋ ಬದಲಾಯಿಸಿದೆ ಅನ್ನೋದಕ್ಕೆ ಸಾಕ್ಷಿ ಯಾರು ಅಂದರು. ವರದಿ ಒಪ್ಪಿಗೆಯಾಯಿತು. ರೇಷನ್ ನಗು ಕೂಡ ಸ್ವಲ್ಪ ಸಿಕ್ಕಿತು. ಜೊತೆಗೆ ನನ್ನ ಮೇಜಿನ ಮೇಲೆ ಅರ್ಧ ಪ್ಲಾಸ್ಟಿಕ್ ಮೊಟ್ಟೆ, ಅಭಿನಂದನೆಗಳು ಅನ್ನುವ ಚೀಟಿ ಅಂಟಿಸಿದ್ದು.

ಈಗ ತೀರ್ಪು. ಎಲ್ಲರೂ ಎದ್ದು ನಿಲ್ಲತಕ್ಕದ್ದು.

ಈ ನ್ಯಾಯಾಲಯವು ತಾನು ಹಿಂದೆ ಬಂಧುಬಳಗದ ಸಮಕ್ಷಮ ಪದೇ ಪದೇ ನೀಡಿದ ತೀರ್ಪನ್ನು ಈ ಮೂಲಕ ರದ್ದುಪಡಿಸುತ್ತದೆ. ನಾನು ತಿಂದು ಬೆಳೆದದ್ದು, ಇಲ್ಲಿ ಜ್ವರ ಬಂದಾಗ ಬೇಕೆನಿಸಿದ್ದು, ಅಪ್ಪನನ್ನು ಇವತ್ತಿಗೂ ಪೇಪರ್ ಹಿಡಿದು ಕೂರಿಸಿರುವುದು ಚಿಕ್ಕಿಯ ಕೈರುಚಿ. ಚಿಕ್ಕಿ ಅದನ್ನು ಇನ್ನೊಬ್ಬರ ಹೆಸರಿನಲ್ಲಿ ಬಡಿಸಿದಳು. ಒಂದು ದಿನವೂ, ಇದು ನನ್ನದು ಕಣೇ ಅನ್ನಲಿಲ್ಲ. ಅದಕ್ಕೆ ಥ್ಯಾಂಕ್ಸ್ ಅನ್ನುವುದು ಬಹಳ ಚಿಕ್ಕ ಚಿಟಿಕೆ, ಗೊತ್ತು. ದೊಡ್ಡದು ಬಂದಾಗ ಕೈಗೇ ಕೊಡುತ್ತೇನೆ.

ಆದ್ದರಿಂದ ನಿನ್ನ ಪ್ರಶ್ನೆಗೆ ಉತ್ತರ: ಮೊದಲನೇ ದಿನ ಬೇಳೆ ಮಾಡು. ನಿನ್ನ ಬೇಳೆ. ಚಿಟಿಕೆ ಡಬ್ಬಿಗೆ ಹಾಕುವುದನ್ನು ನಾನು ಪಕ್ಕದಲ್ಲೇ ನಿಂತು ನೋಡಬೇಕು, ಈ ಸಲ ಅಣಕಿಸುವುದಿಲ್ಲ. (ಸ್ವಲ್ಪ ಅಣಕಿಸುತ್ತೇನೆ. ಅಪ್ಪ ನಗಬೇಕಲ್ಲ.)

ವಯಸ್ಸಿನಲ್ಲಿ ಕಿರಿಯಳಾದರೂ ಹುದ್ದೆಯಲ್ಲಿ ಹಿರಿಯಳಾದ್ದರಿಂದ ಆಶೀರ್ವಾದ ನನ್ನಿಂದಲೇ ಹೊರಡುತ್ತಿದೆ: ನಿನ್ನ ಮಂಡಿನೋವು ಶತ್ರುಗಳಿಗೆ ಹೋಗಲಿ, ನಿನ್ನ ಕುಕ್ಕರ್ ಸರಿಯಾದ ಹೊತ್ತಿಗೆ ಕೂಗಲಿ, ಅಪ್ಪ ಕದ್ದು ತಿಂದ ಉಪ್ಪಿನಕಾಯಿ ನಿನ್ನ ಕಣ್ಣಿಗೆ ತಪ್ಪದೆ ಬೀಳಲಿ.

ಇಂತಿ ನಿನ್ನ,
ಜಡ್ಜಮ್ಮ

ತಾ.ಕ.: ಇನ್ನೊಂದಿದೆ. ಉತ್ತರ ತಡವಾದದ್ದು ನಿಜವಾಗಿ ಇದರಿಂದ. ಚಾಲಕ ಆ ಮಾತು ಆಡಿದ ದಿನ ರೂಮಿಗೆ ಬಂದು, ಹಾಗಾದರೆ ಅಮ್ಮನ ಬೇಳೆ ಹೇಗಿತ್ತು ಅಂತ ಮಾಡಿ ನೋಡಲು ಕೂತೆ. ಚಿಟಿಕೆ ವಾಪಸು ಹಾಕಲಿಲ್ಲ. ಇನ್ನೂ ಉಪ್ಪು ಹಾಕಿದೆ, ಹುಳಿ ಹಾಕಿದೆ, ಖಾರ ಹಾಕಿದೆ. ದಿಂಬಿನ ಮೇಲೆ ಕೂಡ ಕೂತೆ ಚಿಕ್ಕಿ, ನಗಬೇಡ. ಒಂದೊಂದು ಸಲವೂ ರುಚಿ ನೋಡಿದೆ. ಗೊತ್ತಾಗಲಿಲ್ಲ. ಅದೋ ಅಲ್ಲವೋ ಹೇಳಲು ನನ್ನ ನಾಲಿಗೆಗೆ ಆಗಲಿಲ್ಲ. ಅಮ್ಮನ ಮುಖ ಫೋಟೋದಲ್ಲಿದೆ, ದನಿ ಮೊದಲೇ ಮರೆತಿತ್ತು, ರುಚಿಯಾದರೂ ದಿನಾ ನನ್ನ ತಟ್ಟೆಯಲ್ಲಿದೆ ಅಂತ ಧೈರ್ಯವಾಗಿದ್ದೆ. ಈಗ ಅದು ಗೊತ್ತಿರುವುದು ನಿನ್ನ ಕೈಗೆ ಮಾತ್ರ. ನಾನೇ ನಿನಗೆ ಕಲಿಸಿದ್ದು, ನನಗೇ ಇಲ್ಲ. ಅದಕ್ಕೇ ಎರಡನೇ ದಿನ, ಒಂದು ಚಿಕ್ಕ ಪಾತ್ರೆಯಲ್ಲಿ, ಅಪ್ಪನಿಗೆ ಬೇಡ, ನಮ್ಮಿಬ್ಬರಿಗೆ ಮಾತ್ರ, ನೀನು ಒಣಗದ ಬಟ್ಟೆ ತೆಗೆಯಲು ಹೋದ ಆ ದಿನದ ಬೇಳೆ ಒಂದೇ ಒಂದು ಸಲ ಮಾಡುತ್ತೀಯಾ? ನಾನು ತಿನ್ನುತ್ತೇನೆ. ನೀನು ನನ್ನ ಪಕ್ಕ ಕೂತು, ಹೌದು, ಇದೇ ಅಂತ ಹೇಳು. ಅವತ್ತು ದಿಂಬು ನಿನಗೆ.